ಬ್ಯಾಟಿಗೆ ಯಂತ್ರ, ಕಾಲಿಗೆ ಕಣ್ಣು



ಉಪ್ಪಿನಕಾಯಿಗೆ ಬೂಷ್ಟು ಬಂದದ್ದು, ಹಪ್ಪಳ ಕೆಂಪಾದದ್ದು, ಮಗು ಹಾಲು ಕುಡಿಯದ್ದು, ಇಂಥ ಕಾಗದಗಳ ನಡುವೆ ಈ ಸಲ ಸಂತೆಮರಹಳ್ಳಿಯಿಂದ ಬಂದ ಕಾಗದವೊಂದು ಬೇರೆಯೇ ವಿಷಯ ಹೊತ್ತು ತಂದಿದೆ. ಬರೆದ ತಾಯಿ ಹೆಸರು ಹಾಕಬೇಡಿ ಎಂದಿದ್ದಾರೆ. ಕಾಗದದ ಸಾರಾಂಶ ಹೀಗಿದೆ:

"ಅಕ್ಕಾವ್ರೇ, ನನ್ನ ಮಗಳು ಒಂಬತ್ತನೇ ತರಗತಿ. ಕ್ರಿಕೆಟ್ ಅಂದರೆ ಊಟ ಬಿಡ್ತಾಳೆ. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಕಲೀತಾಳೆ. ಜೊತೆಯ ಹುಡುಗಿಯ ಬ್ಯಾಟಿಗೆ ಏನೋ ಸೆನ್ಸರ್ ಅಂತ ಹಾಕಿದ್ದಾರಂತೆ. ಬೀಸಿದ ಕೂಡಲೇ ಫೋನಿನಲ್ಲಿ ಲೆಕ್ಕ ಬರುತ್ತದಂತೆ. 'ಅವ್ವಾ, ನನಗೂ ಬೇಕು, ಇಲ್ದಿದ್ರೆ ನಾನು ಹಿಂದೆ ಬೀಳ್ತೀನಿ' ಅಂತ ಅಳ್ತಾಳೆ. ಈ ಬೆಳೆಯ ರೇಷ್ಮೆಗೂಡಿನ ದುಡ್ಡು ಕೈಯಲ್ಲಿದೆ. ಯಜಮಾನರು 'ನಿನ್ನಿಷ್ಟ' ಅಂದರು. ಅತ್ತೆ 'ಹೆಣ್ಣೈಕ್ಳಿಗೆ ಯಾಕವ್ವ ಇವೆಲ್ಲ, ಆ ದುಡ್ಡಲ್ಲಿ ಒಂದು ಜೊತೆ ಓಲೆ ಮಾಡ್ಸು' ಅಂತಾರೆ. ನಾನು ಏನು ಮಾಡಲಿ?"

ತಾಯಿ, ನಿಮ್ಮ ಪ್ರಶ್ನೆ ಒಬ್ಬರದಲ್ಲ. ಇವತ್ತು ಬ್ಯಾಟು ಹಿಡಿದ ಹೆಣ್ಣುಮಕ್ಕಳು ಊರೂರಲ್ಲೂ ಇದ್ದಾರೆ. 2025ರ ನವೆಂಬರ್ 2ರಂದು ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ಎತ್ತಿದ ಮೇಲಂತೂ ಕೇಳುವುದೇ ಬೇಡ. ಆದ್ದರಿಂದ ಈ ಯಂತ್ರ ಎಂದರೇನು, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ನೋಡೋಣ. ಆಮೇಲೆ ದುಡ್ಡಿನ ಮಾತು.

ಈ ಯಂತ್ರ ಎಲ್ಲಿಂದ ಬಂತು?

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ನಮ್ಮ ಕ್ರಿಕೆಟ್ಟಿನ ದಾಯಾದಿ ಎನ್ನಿ. ಅಲ್ಲಿನ ಬ್ಯಾಟು ಒನಕೆಯ ಹಾಗೆ ಗುಂಡಗಿರುತ್ತದೆ. ಚೆಂಡು ನೆಲಕ್ಕೆ ಬೀಳದೆ ನೇರ ಗಾಳಿಯಲ್ಲೇ ಬರುತ್ತದೆ. ಎಸೆಯುವವನಿಗೂ ಹೊಡೆಯುವವನಿಗೂ ನಡುವೆ 60 ಅಡಿ 6 ಅಂಗುಲ. ಜೋರಾಗಿ ಎಸೆದ ಚೆಂಡು ಅಷ್ಟು ದೂರವನ್ನು ಅರೆ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ದಾಟಿಬಿಡುತ್ತದೆ. ಒಂದು ಸಲ ರೆಪ್ಪೆ ಬಡಿದು ನೋಡುವಷ್ಟರಲ್ಲಿ ಕಾಲು ಮುಂದಿಟ್ಟು, ಸೊಂಟ ತಿರುಗಿಸಿ, ಬ್ಯಾಟು ಬೀಸಿ ಮುಗಿದಿರಬೇಕು. ಇದರಲ್ಲಿ ತಪ್ಪು ಎಲ್ಲಾಯಿತು ಎಂದು ಬರಿಗಣ್ಣಿಗೆ ಹೇಗೆ ಕಂಡೀತು? ಅದಕ್ಕೇ ಅವರು ಬ್ಯಾಟಿನ ಹಿಡಿಯ ತುದಿಗೆ ಪುಟ್ಟ ಸೆನ್ಸರ್ ಹಾಕಿ ಬೀಸಿನ ವೇಗ, ಓರೆ, ಸಮಯ ಎಲ್ಲವನ್ನೂ ಅಳೆಯತೊಡಗಿದರು. ಅಲ್ಲಿನ ದೊಡ್ಡ ಲೀಗಿನ ಮೈದಾನಗಳಲ್ಲಿ ಒಂದೊಂದರಲ್ಲೂ 12 ಕ್ಯಾಮೆರಾಗಳು ಆಟಗಾರನ ಮೈಯ ಚಲನೆಯನ್ನೇ ಹಿಂಬಾಲಿಸುತ್ತವೆ. 2024ರಿಂದ ಒಬ್ಬೊಬ್ಬ ಆಟಗಾರನ ಬೀಸಿನ ವೇಗವನ್ನು ಜನರಿಗೂ ತಿಳಿಸುತ್ತಿದ್ದಾರೆ. ಸರಾಸರಿ ಗಂಟೆಗೆ ಸುಮಾರು 72 ಮೈಲಿ, ಅಂದರೆ 116 ಕಿಲೋಮೀಟರ್.

ನಮ್ಮ ಕನ್ನಡನಾಡೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2017ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯಲ್ಲಿ ಕೆಲವು ಆಟಗಾರರ ಬ್ಯಾಟಿನ ಹಿಡಿಯ ಮೇಲೆ ಕೂತಿದ್ದ ಸೆನ್ಸರ್ ಬೆಂಗಳೂರಿನ ಸ್ಪೆಕ್ಯುಲರ್ ಎಂಬ ಸಂಸ್ಥೆಯದು. ಇಂಟೆಲ್ ಕಂಪನಿ ಅದಕ್ಕೆ ಜೊತೆಯಾಗಿತ್ತು. ಮರುವರ್ಷ, 2018ರ ಅಕ್ಟೋಬರಿನಲ್ಲಿ, ನಮ್ಮ ಅನಿಲ್ ಕುಂಬ್ಳೆಯವರು ತಮ್ಮ ಸ್ಪೆಕ್ಟಾಕಾಂ ಸಂಸ್ಥೆಯ ಮೂಲಕ ಮೈಕ್ರೋಸಾಫ್ಟ್ ಜೊತೆ ಸೇರಿ 'ಪವರ್ ಬ್ಯಾಟ್' ತೋರಿಸಿದರು. ಬ್ಯಾಟಿನ ಭುಜಕ್ಕೆ ಅಂಟಿಸುವ ಸ್ಟಿಕ್ಕರ್ ಅದು, ತೂಕ 5 ಗ್ರಾಮಿಗಿಂತ ಕಡಿಮೆ. 619 ಟೆಸ್ಟ್ ವಿಕೆಟ್ ಕಿತ್ತ ಕುಂಬ್ಳೆ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ. ಬೌಲರ್ ಆಗಿದ್ದವರು ಬ್ಯಾಟಿನ ಬಲ ಅಳೆಯಲು ಹೊರಟರು, ನೋಡಿ!

ಅದರ ಹೊಟ್ಟೆಯಲ್ಲಿ ಏನಿದೆ?

ಮಾಯಮಂತ್ರ ಏನೂ ಇಲ್ಲ. ನಿಮ್ಮ ಕೈಯಲ್ಲಿರುವ ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ? ಫೋನಿನೊಳಗೆ ವೇಗದ ಏರಿಳಿತ ತಿಳಿಯುವ ಒಂದು ಚೂರು, ತಿರುಗಿದ್ದನ್ನು ತಿಳಿಯುವ ಇನ್ನೊಂದು ಚೂರು ಇವೆ. ಬ್ಯಾಟಿನ ಸೆನ್ಸರಿನಲ್ಲಿ ಇರುವುದೂ ಅಂಥವೇ. ಒಂದೇ ಸೆಕೆಂಡಿನಲ್ಲಿ ನೂರಾರು ಸಲ ಲೆಕ್ಕ ಬರೆದುಕೊಂಡು ತಂತಿಯಿಲ್ಲದೆ ಫೋನಿಗೆ ಕಳಿಸುತ್ತದೆ. ಬ್ಯಾಟು ಎಷ್ಟು ಹಿಂದಕ್ಕೆ ಎತ್ತಿದಳು, ಎಷ್ಟು ವೇಗವಾಗಿ ಇಳಿಯಿತು, ಚೆಂಡು ತಗಲಿದಾಗ ಕೈಯಲ್ಲಿ ತಿರುಚಿಕೊಂಡಿತೇ, ಚೆಂಡು ನಡುಮಧ್ಯಕ್ಕೆ ಸಿಕ್ಕಿತೇ ಅಂಚಿಗೆ ಸಿಕ್ಕಿತೇ, ಇಂಥದ್ದನ್ನೆಲ್ಲ ಹೇಳುತ್ತದೆ.

ಇಷ್ಟು ಸೂಕ್ಷ್ಮ ಬೇಕೇ ಎನ್ನಬೇಡಿ. ಒಂದರ ಬೆಲೆ ಏನೆಂದು ಸಂತೆಮರಹಳ್ಳಿಯವರಿಗೆ ಹೊರಗಿನವರು ಹೇಳಿಕೊಡಬೇಕೇ? 2004ರ ವಿಧಾನಸಭೆ ಚುನಾವಣೆಯಲ್ಲಿ ಆಗಿನ ಸಂತೆಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. ಆಟದಲ್ಲೂ ಹಾಗೆಯೇ. ಬ್ಯಾಟಿನ ಅಗಲ ನಿಯಮದಂತೆ ಹೆಚ್ಚೆಂದರೆ ನಾಲ್ಕೂಕಾಲು ಅಂಗುಲ. ನಡುವಿನಿಂದ ಅಂಚಿಗೆ ಎರಡೇ ಅಂಗುಲ. ಆ ಎರಡು ಅಂಗುಲದಲ್ಲಿ ಬೌಂಡರಿ ಹೋಗಿ ಕ್ಯಾಚ್ ಆಗುತ್ತದೆ.

ಯಂತ್ರಕ್ಕೆ ಕಾಣದ್ದು

ಇಲ್ಲಿ ಒಂದು ಮಾತನ್ನು ಗಂಟು ಹಾಕಿಕೊಳ್ಳಿ. ಬ್ಯಾಟಿಗೆ ಅಂಟಿಸಿದ ಸೆನ್ಸರಿಗೆ ಬ್ಯಾಟು ಮಾತ್ರ ಗೊತ್ತು. ಕಾಲು ಗೊತ್ತಿಲ್ಲ. ಆಟ ಕೆಡುವುದು ಬಹಳ ಸಲ ಕಾಲಿನಿಂದಲೇ. ಮುಂಗಾಲು ಚೆಂಡಿನ ಹತ್ತಿರ ಹೋಗದಿದ್ದರೆ ಕೈ ಚಾಚಿ ಹೊಡೆಯಬೇಕಾಗುತ್ತದೆ. ಕೈ ಚಾಚಿದರೆ ಬ್ಯಾಟು ತಿರುಚುತ್ತದೆ. ಸೆನ್ಸರ್ "ಬ್ಯಾಟು ತಿರುಚಿತು" ಎನ್ನುತ್ತದೆಯೇ ಹೊರತು "ಕಾಲು ಹೋಗಲಿಲ್ಲ ಮಗು" ಎನ್ನುವುದಿಲ್ಲ. ಹುಡುಗಿ ಏನು ಮಾಡುತ್ತಾಳೆ? ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ, ಇನ್ನೂ ಜೋರಾಗಿ ಬೀಸುತ್ತಾಳೆ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ. ಬೇಸ್‌ಬಾಲಿನವರೂ ಇದನ್ನು ಅರಿತೇ ಕಾಲಿಗೆ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದಾರೆ. ನಿಂತ ನಿಲುವು ನೋಡಲು ಕ್ಯಾಮೆರಾ, ಯಾವ ಪಾದದ ಮೇಲೆ ಎಷ್ಟು ಭಾರ ಬಿತ್ತು ಎಂದು ತಿಳಿಯಲು ತೂಕದ ಹಲಗೆ. ಅವು ನಮ್ಮ ಮನೆಗಳಿಗೆ ಆಗುವ ಮಾತಲ್ಲ.

ನೀವು ಹುಳು ಸಾಕುವವರು, ನಿಮಗೆ ಇದು ಬೇಗ ತಿಳಿಯುತ್ತದೆ. ಹುಳುಮನೆಯಲ್ಲಿ ಥರ್ಮಾಮೀಟರ್ ತೂಗುಹಾಕಿರುತ್ತೀರಿ. ಚಾಕಿ ಹುಳುವಿಗೆ 27-28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಎಂದು ಅದನ್ನು ನೋಡಿಯೇ ಕಿಟಕಿ ತೆಗೆಯುತ್ತೀರಿ, ಮುಚ್ಚುತ್ತೀರಿ. ಆದರೆ ಯಾವ ಹುಳು ಹಣ್ಣಾಯಿತು, ಯಾವುದನ್ನು ಚಂದ್ರಿಕೆಗೆ ಬಿಡಬೇಕು ಎಂದು ಥರ್ಮಾಮೀಟರ್ ಹೇಳುತ್ತದೆಯೇ? ಅದಕ್ಕೆ ನಿಮ್ಮ ಕಣ್ಣೇ ಬೇಕು. ಅಳತೆಯೂ ಬೇಕು, ಕಣ್ಣೂ ಬೇಕು. ಕಣ್ಣಿಲ್ಲದ ಕಡೆ ಬರೀ ಅಳತೆ ಕೆಲಸಕ್ಕೆ ಬಾರದು.

ಅಂಗಳವೇ ಸೆನ್ಸರ್

ಕಾಲು ನೋಡುವ ಕೆಲಸ ನೀವೇ ಮಾಡಬಹುದು. ಕ್ರಿಕೆಟ್ ಗೊತ್ತಿಲ್ಲ ಎನ್ನಬೇಡಿ. ಗೋಕುಲಾಷ್ಟಮಿಯ ದಿನ ಬಾಲಕೃಷ್ಣನ ಹೆಜ್ಜೆ ಬಿಡಿಸುವ ಕೈಗೆ ಹೆಜ್ಜೆ ಓದುವುದು ಕಷ್ಟವೇ?

ಮಣ್ಣಿನ ಅಂಗಳಕ್ಕೆ ಹದವಾಗಿ ನೀರು ಚಿಮುಕಿಸಿ ಗುಡಿಸಿ. ಕಾಲು ಜಾರಬಾರದು, ಗುರುತು ಮಾತ್ರ ಮೂಡಬೇಕು. ವಿಕೆಟ್ಟಿನ ಬದಲು ಒಂದು ಕೋಲು ನೆಟ್ಟು, ಅದರಿಂದ 4 ಅಡಿ ಮುಂದೆ ಅಡ್ಡಗೆರೆ ಎಳೆಯಿರಿ. ಮಗಳು ಗೆರೆಯ ಮೇಲೆ ನಿಲ್ಲಲಿ. ನೀವೋ ತಮ್ಮನೋ ಎದುರಿನಿಂದ ಟೆನ್ನಿಸ್ ಚೆಂಡನ್ನು ಮೆಲ್ಲಗೆ ಕೆಳಗೈಯಿಂದ ಎಸೆಯಿರಿ. ಒಂದು ಸಲ ಹತ್ತಿರ, ಒಂದು ಸಲ ದೂರ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಹೀಗೆ ಇಪ್ಪತ್ತು ಚೆಂಡು.

ಈಗ ನೆಲ ನೋಡಿ. ಬಲಗೈ ಆಟಗಾರ್ತಿಯಾದರೆ ಎಡಪಾದದ ಗುರುತು ಮುಖ್ಯ. ಇಪ್ಪತ್ತು ಗುರುತೂ ಒಂದೇ ಜಾಗದಲ್ಲಿ ಗುಂಪಾಗಿದ್ದರೆ ಅವಳು ಚೆಂಡು ನೋಡಿ ಕಾಲಿಡುತ್ತಿಲ್ಲ, ಅಭ್ಯಾಸಕ್ಕೆ ಇಡುತ್ತಿದ್ದಾಳೆ. ಚೆಂಡು ಬಿದ್ದ ಕಡೆಗೆ ಒಂದೊಂದು ಹೆಜ್ಜೆಯೂ ಬೇರೆ ಬೇರೆಯಾಗಿ ಹೋಗಿದ್ದರೆ ಸರಿ. ಪಾದ ತೀರಾ ಅಡ್ಡಕ್ಕೆ ಹೋಗಿದ್ದರೆ ಬ್ಯಾಟು ಕಾಲನ್ನು ಸುತ್ತಿಕೊಂಡು ಬರಬೇಕಾಗುತ್ತದೆ. ಎಲ್‌ಬಿಡಬ್ಲ್ಯೂ ಔಟಾಗುವುದು ಅಲ್ಲೇ. ಹಿಮ್ಮಡಿಯ ಗುರುತು ಮಾತ್ರ ಆಳವಾಗಿದ್ದರೆ ಮೈಭಾರ ಹಿಂದೆಯೇ ಉಳಿದಿದೆ ಎಂದು ಅರ್ಥ.

ಇದರ ಜೊತೆಗೆ ಮನೆಯ ಫೋನು. ನಿಧಾನಗತಿಯಲ್ಲಿ ಚಿತ್ರ ತೆಗೆಯುವ ಸೌಕರ್ಯ ಈಗ ಬಹಳಷ್ಟು ಫೋನುಗಳಲ್ಲಿದೆ. ಸೊಂಟದ ಎತ್ತರದ ಸ್ಟೂಲಿನ ಮೇಲಿಟ್ಟು ಒಂದು ಸಲ ಪಕ್ಕದಿಂದ, ಒಂದು ಸಲ ಹಿಂದಿನಿಂದ ತೆಗೆಯಿರಿ. ಮೂರೇ ಪ್ರಶ್ನೆ ಕೇಳಿಕೊಳ್ಳಿ: ಚೆಂಡು ತಗಲುವ ಮೊದಲೇ ಮುಂಗಾಲು ನೆಲ ಮುಟ್ಟಿತೇ? ಮಂಡಿ ಬಾಗಿತೇ? ತಲೆ ಮಂಡಿಯ ಮೇಲಿದೆಯೇ, ಪಕ್ಕಕ್ಕೆ ವಾಲಿದೆಯೇ? ಈ ಮೂರನ್ನು ಬರೆದು ಅವಳ ತರಬೇತುದಾರರಿಗೆ ತೋರಿಸಿ. ತಿದ್ದುವುದು ಅವರ ಕೆಲಸ, ನೋಡುವುದು ನಿಮ್ಮದು.

ದುಡ್ಡು ಎಲ್ಲಿಗೆ?

ಈಗ ರೇಷ್ಮೆಗೂಡಿನ ದುಡ್ಡಿಗೆ ಬರೋಣ. ನನ್ನನ್ನು ಕೇಳಿದರೆ, ಈ ವರ್ಷ ಸೆನ್ಸರ್ ಬೇಡ.

ಮೊದಲು ಅವಳ ಬ್ಯಾಟು ನೋಡಿ. ಅಣ್ಣನದೋ ಮಾವನದೋ ಹಳೆಯದಾಗಿದ್ದರೆ ಖಂಡಿತ ದೊಡ್ಡದಾಗಿರುತ್ತದೆ. ಮಕ್ಕಳ ಬ್ಯಾಟು ಎತ್ತರಕ್ಕೆ ತಕ್ಕಂತೆ 1ರಿಂದ 6ರವರೆಗಿನ ಅಳತೆಯಲ್ಲಿ, ಅದರ ಮೇಲೆ ಹ್ಯಾರೋ ಎಂಬ ಅಳತೆಯಲ್ಲಿ ಸಿಗುತ್ತದೆ. ಮೇಲಿನ ಕೈಯೊಂದರಲ್ಲೇ ಹಿಡಿದು ನೇರ ಮುಂದಕ್ಕೆ ಚಾಚಲಿ. ತುದಿ ನಡುಗಿ ಕೆಳಕ್ಕಿಳಿದರೆ ಬ್ಯಾಟು ಭಾರ. ಭಾರದ ಬ್ಯಾಟಿಗೆ ಎಂಥ ಸೆನ್ಸರ್ ಹಾಕಿದರೂ ಅದು ತೋರಿಸುವುದು ಬ್ಯಾಟಿನ ತಪ್ಪನ್ನು, ಹುಡುಗಿಯದನ್ನಲ್ಲ. ಚೆಂಡೂ ಅಷ್ಟೇ. ಹೆಂಗಸರ ಆಟದ ಚೆಂಡು 140ರಿಂದ 151 ಗ್ರಾಂ, ಗಂಡಸರದು 156ರಿಂದ 163 ಗ್ರಾಂ. ಗಂಡುಮಕ್ಕಳ ಚೆಂಡಿನಲ್ಲೇ ಅಭ್ಯಾಸ ಮಾಡಿಸುತ್ತಿದ್ದರೆ ಕೇಳಿ ಬದಲಿಸಿಕೊಳ್ಳಿ. ಆಮೇಲೆ ಹಿಡಿತವಿರುವ ಶೂ. ಹಿಡಿತವಿಲ್ಲದ ಶೂ ಹಾಕಿಸಿ ಕಾಲಿನ ಹೆಜ್ಜೆ ಸರಿಯಿಲ್ಲ ಎಂದರೆ ಅನ್ಯಾಯ. ಉಳಿದದ್ದನ್ನು ಬಸ್ಸಿನ ಖರ್ಚಿಗೆ ತೆಗೆದಿಡಿ. ವಾರಕ್ಕೆ ಎರಡು ದಿನದ ಕಲಿಕೆ ಮೂರು ದಿನವಾದರೆ ಯಾವ ಯಂತ್ರಕ್ಕಿಂತಲೂ ಹೆಚ್ಚು.

ಒಂದು ವರ್ಷ ಕಳೆದ ಮೇಲೂ ಅವಳ ಆಸಕ್ತಿ ಹೀಗೇ ಇದ್ದರೆ, ಆ ಅಂಕಿಗಳನ್ನು ಓದಿ ಅರ್ಥ ಹೇಳುವ ತರಬೇತುದಾರರು ಸಿಕ್ಕರೆ, ಆಗ ಯೋಚಿಸಿ. ನಾಲ್ಕಾರು ಮನೆಯವರು ಸೇರಿ ಒಂದೇ ಕೊಂಡರೂ ಆದೀತು. ಎಲ್ಲ ಮಕ್ಕಳೂ ಸರದಿಯಲ್ಲಿ ಬಳಸಲಿ.

ಕೊಳ್ಳುವಾಗ ಒಂದು ಎಚ್ಚರ. ಅದರ ಜೊತೆಗೆ ಫೋನಿನಲ್ಲಿ ಆ್ಯಪ್ ಹಾಕಬೇಕಾಗುತ್ತದೆ. ಅದರೊಳಗೆ ಮಗಳ ಹೆಸರು, ವಯಸ್ಸು, ಕೆಲವು ಸಲ ಚಿತ್ರವೂ ಸೇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವವರು ನೀವು ಎಂಬುದು ನೆನಪಿರಲಿ. ಮಗಳ ವಿಡಿಯೋ ನಿಮ್ಮ ಫೋನಿನಲ್ಲಿರಲಿ, ಹತ್ತು ಜನರ ಗುಂಪಿಗೆ ಹೋಗುವುದು ಬೇಡ.

ಇನ್ನು ಮಗಳಿಗೊಂದು ಮಾತು

"ಹಿಂದೆ ಬೀಳ್ತೀನಿ" ಎಂದು ಅಳುವ ಹುಡುಗಿಯನ್ನು ಗದರಿಸಬೇಡಿ. ಆ ಹೆದರಿಕೆ ನಿಜವಾದದ್ದು. ಪರೀಕ್ಷೆಯ ಅಂಕ ಸಾಲದೆಂದು ಆಟಕ್ಕೂ ಅಂಕ ಬಂದಿದೆ. ಫೋನಿನ ಅಂಕಿ ಏರಿದರೆ ನಗು, ಇಳಿದರೆ ಅಳು ಎಂದಾದರೆ ಆಟ ಹೋಗಿ ಲೆಕ್ಕವೇ ಉಳಿಯುತ್ತದೆ. ಅಂಕಿಗಾಗಿ ಮೈಮೀರಿ ಬೀಸಿ ಭುಜ, ಬೆನ್ನು, ಮಣಿಕಟ್ಟು ನೋಯಿಸಿಕೊಳ್ಳುವ ಅಪಾಯವೂ ಇದೆ. ಬೆಳೆಯುವ ಮೈ ಅದು. ನೋವು ಎಂದ ದಿನ ಬ್ಯಾಟು ಮೂಲೆಗಿರಲಿ. ರಾಗಿ, ಹುರುಳಿ, ಕಡಲೆಕಾಯಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವು ತಟ್ಟೆಯಲ್ಲಿರಲಿ.

ಅವಳಿಗೆ ಹೇಳಿ: ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಹೆಂಗಸರ ಮೊದಲ ಟೆಸ್ಟಿಗೆ ನಾಯಕಿಯಾದಾಗ ಇಂಥ ಯಂತ್ರದ ಮಾತೇ ಇರಲಿಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇಬ್ಬರೂ ದೊಡ್ಡ ನಗರದಲ್ಲಿ ಹುಟ್ಟಿದವರಲ್ಲ. 2017ರಲ್ಲಿ ಲಾರ್ಡ್ಸ್ ಮೈದಾನದ ವಿಶ್ವಕಪ್ ಫೈನಲಿನಲ್ಲಿ ಆಡಿದರು. ಆ ಪಂದ್ಯ ನಾವು ಸೋತದ್ದು 9 ರನ್ನಿನಿಂದ. ಸೋತವರನ್ನು ಕಂಡು ಕಲಿತ ಹುಡುಗಿಯರೇ ಎಂಟು ವರ್ಷದ ಮೇಲೆ ಗೆದ್ದರು.

ನಿಮ್ಮ ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಓಲೆ ಕಷ್ಟಕಾಲಕ್ಕೆ ಆಗುತ್ತದೆಂಬ ಹಿರಿಯರ ಲೆಕ್ಕ ಅದು, ಮೊಮ್ಮಗಳ ಮೇಲಿನ ಸಿಟ್ಟಲ್ಲ. ಒಂದು ಸಂಜೆ ಅವರನ್ನೇ ಅಂಗಳದಲ್ಲಿ ಕೂರಿಸಿ ಹೆಜ್ಜೆ ಗುರುತು ಎಣಿಸಲು ಹೇಳಿ. ಎಣಿಸುವವರು ಬೇಗ ಬೆಂಬಲಿಗರಾಗುತ್ತಾರೆ.

ಮಾಡಿ ನೋಡಿ: ಕಾಲುಚೀಲದ ಚೆಂಡು

ಆಸ್ಟ್ರೇಲಿಯಾದ ಬ್ರಾಡ್ಮನ್ ಚಿಕ್ಕಂದಿನಲ್ಲಿ ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಪುಟಿದು ಬಂದದ್ದನ್ನು ಬ್ಯಾಟಿನ ಬದಲು ಸ್ಟಂಪಿನಿಂದ ಹೊಡೆದು ಕಲಿತರಂತೆ. ನಮ್ಮ ಮನೆಗೆ ಇನ್ನೂ ಸುಲಭದ್ದು ಇದೆ. ಹಳೆಯ ಕಾಲುಚೀಲದೊಳಗೆ ಟೆನ್ನಿಸ್ ಚೆಂಡು ಹಾಕಿ ಬಾಯಿ ಬಿಗಿಯಿರಿ. ಗಟ್ಟಿ ಹುರಿಯಿಂದ ಹಲಸಿನ ಕೊಂಬೆಗೋ ತೊಲೆಗೋ ಕಟ್ಟಿ, ಅವಳ ಮಂಡಿಯ ಎತ್ತರಕ್ಕೆ ತೂಗುಬಿಡಿ. ಬ್ಯಾಟಿನ ಮುಖದಿಂದ ಮೆಲ್ಲಗೆ ತಟ್ಟಬೇಕು, ಪ್ರತಿ ಸಲವೂ ಮುಂಗಾಲು ಮೊದಲು, ಬ್ಯಾಟು ಆಮೇಲೆ. ಚೆಂಡು ನೇರ ಹೋಗಿ ನೇರ ಬಂದರೆ ಬ್ಯಾಟು ನೇರ ಇಳಿದಿದೆ. ಗಿರಗಿರನೆ ಸುತ್ತಿದರೆ ಓರೆ ಇಳಿದಿದೆ. ದಿನಕ್ಕೆ ಐವತ್ತು ಸಲ, ಬೆಳಿಗ್ಗೆ ನೀವು ಹಿಟ್ಟು ಬೇಯಿಸುವಷ್ಟು ಹೊತ್ತು, ಸಾಕು.