ಬಳಸಿದರಷ್ಟೇ ಉಳಿಯುವ ಕ್ಯಾಮೆರಾ

2008ರ ಫೆಬ್ರವರಿಯಲ್ಲಿ ಪೋಲರಾಯ್ಡ್ ಕಂಪನಿ ಇನ್ನು ಮುಂದೆ ಇನ್‌ಸ್ಟಂಟ್ ಫಿಲ್ಮ್ ತಯಾರಿಸುವುದಿಲ್ಲ ಎಂದು ಪ್ರಕಟಿಸಿತು. ಆ ಒಂದು ಪ್ರಕಟಣೆಯಿಂದ ಯಾವ ಕ್ಯಾಮೆರಾದ ಸ್ಪ್ರಿಂಗೂ ಮುರಿಯಲಿಲ್ಲ, ಯಾವ ಲೆನ್ಸೂ ಒಡೆಯಲಿಲ್ಲ. ಆದರೆ ಅಂಗಡಿಗಳಲ್ಲಿ ಉಳಿದಿದ್ದ ಫಿಲ್ಮ್ ಮುಗಿದ ದಿನ ಜಗತ್ತಿನ ಲಕ್ಷಾಂತರ ಒಳ್ಳೆಯ ಕ್ಯಾಮೆರಾಗಳು ಬರೀ ಡಬ್ಬಿಗಳಾಗುವುದು ಖಚಿತವಾಯಿತು.

ಹಳೆಯ ಮಡಚುವ ಪೋಲರಾಯ್ಡ್ ಕೊಂಡು ಶೋಕೇಸಿನಲ್ಲಿಡುವವರು ಈ ಘಟನೆಯನ್ನು ನೆನಪಿಡಬೇಕು. ಇಂಥ ಕ್ಯಾಮೆರಾವನ್ನು ಒರೆಸಿ ಗಾಜಿನ ಹಿಂದೆ ಇಡುವುದು ಅದನ್ನು ಕಾಪಾಡುವ ರೀತಿಯಲ್ಲ. ಅದರಲ್ಲಿ ಫೋಟೋ ತೆಗೆಯುವುದೇ ಅದರ ಆರೈಕೆ. ಇದು ಭಾವುಕತೆಯ ಮಾತಲ್ಲ. ಆ ಯಂತ್ರದ ರಚನೆ, ಅದರ ಫಿಲ್ಮಿನ ಚರಿತ್ರೆ ಎರಡೂ ಹೇಳುವ ಮಾತು.

ಮಡಚುವ ಇನ್‌ಸ್ಟಂಟ್ ಕ್ಯಾಮೆರಾಗಳಲ್ಲಿ ಹೆಚ್ಚು ಹೆಸರಾದದ್ದು ಎಸ್‌ಎಕ್ಸ್-70. ಪೋಲರಾಯ್ಡ್ ಸ್ಥಾಪಕ ಎಡ್ವಿನ್ ಲ್ಯಾಂಡ್ ಅದನ್ನು 1972ರಲ್ಲಿ ಹೊರತಂದರು. ಲ್ಯಾಂಡ್ ಅವರ ಇನ್‌ಸ್ಟಂಟ್ ಫೋಟೋದ ಕಥೆ ಶುರುವಾದದ್ದು 1943ರಲ್ಲಿ, ಅಮೆರಿಕದ ಸಾಂಟಾ ಫೆ ಊರಿನಲ್ಲಿ. ರಜೆಯಲ್ಲಿ ತೆಗೆದ ಫೋಟೋ ಈಗಲೇ ಯಾಕೆ ನೋಡಲು ಸಿಗುವುದಿಲ್ಲ ಎಂದು ಮೂರು ವರ್ಷದ ಮಗಳು ಕೇಳಿದಳು. 1948ರಲ್ಲಿ ಮೊದಲ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಆದರೆ ಅದರಲ್ಲಿ ಪದರ ಸುಲಿಯಬೇಕಿತ್ತು, ಸಮಯ ಎಣಿಸಬೇಕಿತ್ತು, ಸುಲಿದ ಕಾಗದವನ್ನು ಎಸೆಯಬೇಕಿತ್ತು. ಇದ್ಯಾವುದೂ ಇಲ್ಲದ ಕ್ಯಾಮೆರಾ ಬೇಕೆಂಬ ಹಟದಿಂದ ಹುಟ್ಟಿದ್ದು ಎಸ್‌ಎಕ್ಸ್-70.

ಮಡಚಿದಾಗ ಅದು ಒಂದು ದಪ್ಪ ಪುಸ್ತಕದಷ್ಟು; ಕೋಟಿನ ಜೇಬಿಗೆ ಹೋಗುತ್ತದೆ. ಮೇಲಿನ ತುದಿ ಹಿಡಿದು ಎತ್ತಿದರೆ ತ್ರಿಕೋನವಾಗಿ ನಿಲ್ಲುತ್ತದೆ. ಲೆನ್ಸ್ ಕಂಡದ್ದನ್ನೇ ಕಣ್ಣಿಗೂ ತೋರಿಸುವ ಎಸ್‌ಎಲ್‌ಆರ್ ಅದು. ಹತ್ತೂವರೆ ಇಂಚಿನಷ್ಟು ಹತ್ತಿರದ ವಸ್ತುವಿಗೂ ಫೋಕಸ್ ಮಾಡಬಹುದು. ಕೆಂಪು ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಏಳುತ್ತದೆ, ಫಿಲ್ಮಿನ ಮೇಲೆ ಬೆಳಕು ಬೀಳುತ್ತದೆ, ಮೋಟಾರು ಹಾಳೆಯನ್ನು ಎರಡು ಉಕ್ಕಿನ ರೋಲರುಗಳ ನಡುವೆ ದೂಡುತ್ತದೆ. ಹಾಳೆಯ ಅಂಚಿನ ಚೀಲ ಒಡೆದು ಲೇಹ್ಯದಂಥ ರಾಸಾಯನಿಕ ಪದರಗಳ ನಡುವೆ ತೆಳ್ಳಗೆ ಹರಡುತ್ತದೆ. ಆಮೇಲೆ ಕೈಯಲ್ಲೇ ಚಿತ್ರ ಮೂಡುತ್ತದೆ. ಕ್ಯಾಮೆರಾಕ್ಕೆ ಬೇರೆ ಬ್ಯಾಟರಿ ಇಲ್ಲ. ಪ್ರತಿ ಫಿಲ್ಮ್ ಪ್ಯಾಕಿನ ಅಡಿಯಲ್ಲೇ ಆರು ವೋಲ್ಟಿನ ಚಪ್ಪಟೆ ಬ್ಯಾಟರಿ ಇರುತ್ತದೆ.

ಜಾಣ ವಿನ್ಯಾಸವೇ. ಅದರ ದೌರ್ಬಲ್ಯವೂ ಅಲ್ಲೇ ಇದೆ. ಫಿಲ್ಮ್ ಇಲ್ಲದಿದ್ದರೆ ಚಿತ್ರವಷ್ಟೇ ಅಲ್ಲ, ವಿದ್ಯುತ್ತೂ ಇಲ್ಲ. ಹಳೆಯ ಮೆಕ್ಯಾನಿಕಲ್ ಕ್ಯಾಮೆರಾವನ್ನು ಖಾಲಿಯಾಗಿಯಾದರೂ ಕ್ಲಿಕ್ಕಿಸಬಹುದು. ಎಸ್‌ಎಕ್ಸ್-70 ಪ್ಯಾಕ್ ಇಲ್ಲದೆ ಉಸಿರೇ ಎತ್ತುವುದಿಲ್ಲ.

ಅಂಥ ಫಿಲ್ಮ್ ಇಂದು ಸಿಗುತ್ತಿರುವುದು ಕೆಲವರ ಹಟದಿಂದ. ನೆದರ್‌ಲ್ಯಾಂಡ್ಸಿನ ಎನ್‌ಸ್ಕೆಡೆಯಲ್ಲಿದ್ದ ಪೋಲರಾಯ್ಡ್ ಕಾರ್ಖಾನೆ ಮುಚ್ಚುವಾಗ ಅಲ್ಲಿ ಕೆಲಸ ಮಾಡುತ್ತಿದ್ದ ಆಂದ್ರೆ ಬಾಸ್ಮನ್ ಮತ್ತು ಇನ್‌ಸ್ಟಂಟ್ ಫೋಟೋದ ಹುಚ್ಚು ಹತ್ತಿದ್ದ ಫ್ಲೋರಿಯನ್ ಕಾಪ್ಸ್ ಕೂಡಿ ಯಂತ್ರಗಳನ್ನು ಕೊಂಡು ಉಳಿಸಿದರು. ಸಂಸ್ಥೆಗೆ 'ಇಂಪಾಸಿಬಲ್ ಪ್ರಾಜೆಕ್ಟ್' ಎಂದು ಹೆಸರಿಟ್ಟರು. ಯಂತ್ರಗಳಿದ್ದವು, ನುರಿತ ಕೈಗಳೂ ಕೆಲವು ಇದ್ದವು. ಆದರೆ ಹಳೆಯ ಸೂತ್ರಕ್ಕೆ ಬೇಕಾದ ಅನೇಕ ರಾಸಾಯನಿಕಗಳು ಸಿಗುತ್ತಿರಲಿಲ್ಲ. ಆದ್ದರಿಂದ ಫಿಲ್ಮನ್ನು ಹೊಸದಾಗಿಯೇ ರೂಪಿಸಬೇಕಾಯಿತು. 2010ರಲ್ಲಿ ಬಂದ ಮೊದಲ ಪ್ಯಾಕುಗಳ ಚಿತ್ರಗಳು ಮಸುಕಾಗಿದ್ದವು, ಬೆಳಕು ತಗುಲಿದರೆ ಹಾಳಾಗುತ್ತಿದ್ದವು. ಹಾಗಿದ್ದರೂ ಜನ ದುಡ್ಡು ಕೊಟ್ಟು ಕೊಂಡರು. ಆ ಸಂಸ್ಥೆಯೇ 2017ರಲ್ಲಿ ಪೋಲರಾಯ್ಡ್ ಒರಿಜಿನಲ್ಸ್ ಆಯಿತು, 2020ರಲ್ಲಿ ಮತ್ತೆ ಪೋಲರಾಯ್ಡ್ ಆಯಿತು.

ಈ ಫಿಲ್ಮನ್ನು ಉಳಿಸಿದ್ದು ಕೆಟ್ಟ ಫಿಲ್ಮನ್ನೂ ಕೊಂಡು ಫೋಟೋ ತೆಗೆದವರು. ಶೋಕೇಸಿನಲ್ಲಿಟ್ಟವರ ಕ್ಯಾಮೆರಾಗಳೂ ಇವತ್ತು ಜೀವಂತ ಎನಿಸಿಕೊಳ್ಳುತ್ತಿರುವುದು ಅವರ ಋಣದಿಂದಲೇ. ಕೊಳ್ಳುವವರು ಇಲ್ಲವಾದರೆ ಕಾರ್ಖಾನೆ ಇನ್ನೊಮ್ಮೆ ಮುಚ್ಚಬಹುದು. ಆಗ ಎಷ್ಟು ಹೊಳೆಯುವ ಕ್ರೋಮ್ ಇದ್ದರೇನು?

ಯಂತ್ರದ ಮಟ್ಟಿಗೂ ಇದೇ ನ್ಯಾಯ. ಊರಲ್ಲಿ ಬೀಗ ಹಾಕಿ ಬಂದ ಮನೆ ಜನ ವಾಸವಿರುವ ಮನೆಗಿಂತ ಬೇಗ ಶಿಥಿಲವಾಗುತ್ತದೆ. ಅದು ಮುಂಬೈಯಲ್ಲೋ ಪುಣೆಯಲ್ಲೋ ಇರುವ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಬಳಸದ ಕ್ಯಾಮೆರಾದ ಗತಿಯೂ ಅಷ್ಟೆ. ರೋಲರುಗಳ ಮೇಲೆ ಉಳಿದ ರಾಸಾಯನಿಕ ಒಣಗಿ ಗಟ್ಟಿಯಾಗುತ್ತದೆ. ಮುಂಬೈ, ಚೆನ್ನೈಗಳ ತೇವದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಮಡಿಕೆಯ ಕಪ್ಪು ತಿದಿಯಲ್ಲಿ ಸಣ್ಣ ತೂತು ಬಿದ್ದರೂ ಗೊತ್ತಾಗುವುದಿಲ್ಲ. ಬಳಸುವವನಿಗೆ ಮಾತ್ರ ಈ ರೋಗಗಳು ಮೊದಲ ಹಂತದಲ್ಲೇ ಕಾಣುತ್ತವೆ. ಚಿತ್ರದ ಮೇಲೆ ಒಂದೇ ಅಂತರದಲ್ಲಿ ಚುಕ್ಕೆಗಳು ಮೂಡಿದರೆ ರೋಲರು ಕೊಳೆಯಾಗಿದೆ. ಪ್ರತಿ ಚಿತ್ರದಲ್ಲೂ ಬಿಳಿ ಮಚ್ಚೆ ಬಂದರೆ ಎಲ್ಲಿಂದಲೋ ಬೆಳಕು ನುಗ್ಗುತ್ತಿದೆ.

ಆರೈಕೆ ಕಷ್ಟದ್ದೇನಲ್ಲ, ಶಿಸ್ತಿನದ್ದು. ಹೊಸ ಪ್ಯಾಕ್ ಹಾಕುವ ಮುನ್ನ ಪ್ರತಿ ಸಲ ರೋಲರುಗಳನ್ನು ತುಸು ಒದ್ದೆಯಾದ, ನೂಲು ಬಿಡದ ಬಟ್ಟೆಯಿಂದ ತಿರುಗಿಸುತ್ತ ಒರೆಸಬೇಕು. ಉಗುರು, ಚಾಕು ಮುಟ್ಟಿಸಬಾರದು. ಒಳಗಿನ ಕನ್ನಡಿಯನ್ನು ಬೆರಳಿನಿಂದಲೂ ಬಟ್ಟೆಯಿಂದಲೂ ಮುಟ್ಟದೆ ಗಾಳಿ ಊದುವ ರಬ್ಬರ್ ಬಲ್ಬಿನಿಂದ ಧೂಳು ತೆಗೆಯಬೇಕು. ಮಡಚುವಾಗ ಪಕ್ಕದ ಆಸರೆ ಪಟ್ಟಿಯನ್ನು ಮೊದಲು ಬಿಡಿಸಿಕೊಂಡೇ ಮೇಲಿನಿಂದ ಒತ್ತಬೇಕು. ಬಲವಂತ ಮಾಡಿದರೆ ಹಾಳಾಗುವುದು ಅಲ್ಲೇ. ಮುಗಿದ ಪ್ಯಾಕೊಂದನ್ನು ಎಸೆಯದೆ ಇಟ್ಟುಕೊಂಡರೆ ಬ್ಯಾಟರಿಯಲ್ಲಿ ಉಳಿದ ಶಕ್ತಿಯಿಂದ ಮೋಟಾರನ್ನು ಪರೀಕ್ಷಿಸಬಹುದು. ಹಳೆಯ ಕ್ಯಾಮೆರಾ ಕೊಳ್ಳಲು ಹೋಗುವವರು ಅಂಥದ್ದೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಫಿಲ್ಮಿನ ಹೆಸರೂ ಸರಿಯಾಗಿರಬೇಕು. ಎಸ್‌ಎಕ್ಸ್-70 ಎಂದು ಬರೆದ ಪ್ಯಾಕೇ ಈ ಕ್ಯಾಮೆರಾಕ್ಕೆ. 600 ಎಂಬ ಪ್ಯಾಕ್ ಸುಮಾರು ನಾಲ್ಕು ಪಟ್ಟು ಹೆಚ್ಚು ಬೆಳಕು ಗ್ರಹಿಸುವಂಥದ್ದು. ಫಿಲ್ಟರ್ ಇಲ್ಲದೆ ಹಾಕಿದರೆ ಚಿತ್ರ ಬಿಳುಚುತ್ತದೆ. ಐ-ಟೈಪ್ ಪ್ಯಾಕಿನಲ್ಲಿ ಬ್ಯಾಟರಿಯೇ ಇಲ್ಲ, ಹಾಗಾಗಿ ಅದು ಇಲ್ಲಿ ಕೆಲಸಕ್ಕೆ ಬಾರದು.

ಹವೆಯ ಲೆಕ್ಕವೂ ಇದೆ. ಈಗಿನ ಫಿಲ್ಮ್ ಚೆನ್ನಾಗಿ ಕೆಲಸ ಮಾಡುವುದು ಸುಮಾರು 13ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೆಕೆ ಹೆಚ್ಚಾದರೆ ಚಿತ್ರ ಹಳದಿ-ಕೆಂಪಿಗೆ ತಿರುಗುತ್ತದೆ, ಚಳಿ ಹೆಚ್ಚಾದರೆ ನೀಲಿ ಛಾಯೆ ಬರುತ್ತದೆ. ಹೈದರಾಬಾದಿನ ಮೇ ಮಧ್ಯಾಹ್ನಕ್ಕೂ ದೆಹಲಿಯ ಜನವರಿ ಮುಂಜಾನೆಗೂ ಈ ಫಿಲ್ಮ್ ಹೇಳಿಮಾಡಿಸಿದ್ದಲ್ಲ. ಪ್ಯಾಕನ್ನು ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಬಳಸುವ ಮುನ್ನ ಹೊರಗಿಟ್ಟು ಕೋಣೆಯ ಬಿಸಿಗೆ ಬರಲು ಬಿಡಬೇಕು. ಸೆಕೆಯಲ್ಲಿ ತೆಗೆದ ಚಿತ್ರವನ್ನು ತಂಪಾದ ಕಡೆ, ಚಳಿಯಲ್ಲಿ ತೆಗೆದದ್ದನ್ನು ಅಂಗಿಯೊಳಗಿನ ಜೇಬಿನಲ್ಲಿ, ಬೆಳಕು ಬೀಳದಂತೆ ಮಗುಚಿ ಇಡಬೇಕು. ಬಣ್ಣದ ಚಿತ್ರ ಪೂರ್ತಿ ಮೂಡಲು ಹತ್ತು-ಹದಿನೈದು ನಿಮಿಷ ಬೇಕು. ಗಾಳಿಯಲ್ಲಿ ಅಲ್ಲಾಡಿಸುವ ಅಭ್ಯಾಸ ಪದರ ಸುಲಿಯುತ್ತಿದ್ದ ಕಾಲದ್ದು. ಆಗ ಒದ್ದೆ ಮೇಲ್ಮೈ ಒಣಗಬೇಕಿತ್ತು. ಈಗ ಚಿತ್ರ ಪ್ಲಾಸ್ಟಿಕ್ ಹಾಳೆಯ ಒಳಗೇ ಇರುವುದರಿಂದ ಅಲ್ಲಾಡಿಸಿದರೆ ಉಪಯೋಗವಿಲ್ಲ, ಕೆಡುವುದೂ ಉಂಟು.

ಇದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಮೂಲರೂಪದ್ದು. ಈಗ ಸಿಗುವ ಎಸ್‌ಎಕ್ಸ್-70ಗಳಿಗೆಲ್ಲ ನಲವತ್ತು ವರ್ಷ ದಾಟಿದೆ. ಹಲವುಗಳ ತೊಗಲು ಪುಡಿಯಾಗಿ ಉದುರುತ್ತದೆ. ಹೊಸ ತೊಗಲು ಅಂಟಿಸಿದರೆ, ಒಳಗಿನ ಸರ್ಕಿಟ್ ಬದಲಿಸಿದರೆ ಅದರ ಬೆಲೆಯೇ ಹೋಯಿತು ಎನ್ನುವ ಸಂಗ್ರಾಹಕರಿದ್ದಾರೆ. ಅವರ ಮಾತು ವಸ್ತುಸಂಗ್ರಹಾಲಯಕ್ಕೆ ಸರಿ. ಅಲ್ಲಿ ಒಂದೆರಡು ಕ್ಯಾಮೆರಾ ಮುಟ್ಟದೆ ಉಳಿಯಲೇಬೇಕು. ಆದರೆ ಮನೆಯಲ್ಲಿರುವ ವೀಣೆಗೆ ಹೊಸ ತಂತಿ, ಹೊಸ ಮೇಣ ಹಾಕಿಸುವುದನ್ನು ಯಾರೂ ಅಪಚಾರ ಎನ್ನುವುದಿಲ್ಲ. ನುಡಿಯುವಂತೆ ಮಾಡುವುದೇ ಅದಕ್ಕೆ ತೋರುವ ಮರ್ಯಾದೆ.

ಎರಡನೆಯ ಆಕ್ಷೇಪ ಖರ್ಚಿನದು, ಅದು ಗಟ್ಟಿಯಾದದ್ದು. ಹಿಂದೆ ಪ್ಯಾಕಿಗೆ ಹತ್ತು ಹಾಳೆ ಇರುತ್ತಿದ್ದವು, ಹೊಸ ಫಿಲ್ಮ್ ದಪ್ಪವಾಗಿರುವುದರಿಂದ ಈಗ ಎಂಟೇ. ಹೊರದೇಶದಿಂದ ತರಿಸಿದ ಪ್ಯಾಕಿನ ಬೆಲೆಯನ್ನು ಎಂಟರಿಂದ ಭಾಗಿಸಿದರೆ ಒಂದು ಕ್ಲಿಕ್ಕಿನ ದುಬಾರಿತನ ಗೊತ್ತಾಗುತ್ತದೆ. ಪ್ರತಿ ಪ್ಯಾಕಿನೊಂದಿಗೆ ಒಂದು ಬ್ಯಾಟರಿಯೂ ಕಸಕ್ಕೆ ಸೇರುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದ್ದರಿಂದಲೇ ದಿನವೂ ಬಳಸಿ ಎಂದು ಹೇಳುವುದು ತಪ್ಪಾದೀತು. ವರ್ಷಕ್ಕೆ ಎರಡು ಪ್ಯಾಕ್, ಅಂದರೆ ಹದಿನಾರು ಚಿತ್ರ, ಯಂತ್ರವನ್ನು ಚಲನೆಯಲ್ಲಿಡಲು ಸಾಕು. ಅಷ್ಟೂ ಸಾಧ್ಯವಿಲ್ಲದವರು ಅದನ್ನು ಬಳಸುವವರಿಗೆ ಮಾರುವುದು ಒಳ್ಳೆಯದು.

ಆ ಹದಿನಾರು ಚಿತ್ರ ಯಾವುದಕ್ಕೆ ಎಂದು ಕೇಳಬಹುದು. ಫೋನಿನಲ್ಲಿ ಸಾವಿರ ಫೋಟೋ ಇರುವಾಗ ಮೂರಿಂಚಿನ ಒಂದು ಚೌಕ ಯಾಕೆ? ಈ ಚಿತ್ರಕ್ಕೆ ನೆಗೆಟಿವ್ ಇಲ್ಲ, ಎರಡನೆಯ ಪ್ರತಿಯೂ ಇಲ್ಲ. ಅದನ್ನು ಕೊಟ್ಟರೆ ತೆಗೆದವನ ಬಳಿ ಉಳಿಯುವುದಿಲ್ಲ. ಹೀಗಾಗಿ ಇದು ಕೊಡಲಿಕ್ಕೇ ಹುಟ್ಟಿದ ಫೋಟೋ. ಫೋನ್ ಬಳಸದ ಅಜ್ಜಿಗೆ, ಊರಿಗೆ ಹಿಂತಿರುಗುತ್ತಿರುವ ಬೀಗರಿಗೆ, ನಾಳೆ ಹಾಸ್ಟೆಲಿಗೆ ಹೊರಟ ಮಗಳಿಗೆ, ಹತ್ತು ನಿಮಿಷ ಜೊತೆಗೆ ಕೂತು ಮೂಡುವುದನ್ನು ನೋಡಿ ಕೈಗೆ ಕೊಡಬಹುದಾದದ್ದು. ಶೋಕೇಸಿನಲ್ಲಿ ಕುಳಿತ ಕ್ಯಾಮೆರಾ ಯಾರಿಗೂ ಏನನ್ನೂ ಕೊಡುವುದಿಲ್ಲ. ಅಂಥದ್ದೊಂದು ಮನೆಯಲ್ಲಿರುವವರು ಈ ಮಳೆಗಾಲ ಮುಗಿಯುವುದರೊಳಗೆ ಅದನ್ನು ಕೆಳಗಿಳಿಸಿ, ರೋಲರ್ ಒರೆಸಿ, ಒಂದು ಪ್ಯಾಕ್ ತರಿಸಲಿ.