ನಾಸ್ತಿಕನ ಸಾಕ್ಷ್ಯ

ಅಬಿಡ್ಸಿನಿಂದ ನಾಂಪಲ್ಲಿಯ ಕ್ರಿಮಿನಲ್ ನ್ಯಾಯಾಲಯಗಳಿಗೆ ನಡೆದೇ ಹೋಗಬಹುದು. ಆದರೂ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ನ್ಯಾಯಾಲಯವನ್ನು ಕಂಡಿರುವುದು ಚಲನಚಿತ್ರಗಳಲ್ಲಿ ಮಾತ್ರ. ಅಲ್ಲಿ ಸಾಕ್ಷಿದಾರನು ಕಟಕಟೆಯನ್ನೇರಿದೊಡನೆ ಕೆಂಪು ವಸ್ತ್ರದಲ್ಲಿ ಸುತ್ತಿದ ಭಗವದ್ಗೀತೆ ಬರುತ್ತದೆ. ಅದರ ಮೇಲೆ ಕೈಯಿರಿಸಿ ಅವನು ಸತ್ಯವನ್ನೇ ನುಡಿಯುವೆನೆಂದು ಆಣೆಯಿಡುತ್ತಾನೆ. 1969ರ ಪ್ರಮಾಣ ಅಧಿನಿಯಮದಲ್ಲಾದರೋ ಗ್ರಂಥದ ಮಾತೇ ಇಲ್ಲ. ಸಾಕ್ಷಿದಾರನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಅದು ಬೇಡವೆಂದರೆ ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಎರಡರ ಮುಂದಿನ ವಾಕ್ಯವೂ ಒಂದೇ: ಸತ್ಯವನ್ನು, ಪೂರ್ಣ ಸತ್ಯವನ್ನು, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲವೆಂಬುದು.

ದೇವರೇ ಇಲ್ಲವೆನ್ನುವವನ ಮಾತಿಗೆ ಆಧಾರವೇನು ಎಂದು ಹಿರಿಯರು ಕೇಳುವುದುಂಟು. ಈ ಪ್ರಶ್ನೆ ಹಳೆಯದು. ಇದನ್ನು ಹಗುರವಾಗಿ ತಳ್ಳಿಹಾಕುವುದು ನಮಗೆ ಸರಿತೋರದು. ದೈವಭೀತಿಯಿಂದ ನಾಲಗೆಯನ್ನು ಬಿಗಿಹಿಡಿದವರು ನಮ್ಮ ನಾಡಿನಲ್ಲಿ ಅಸಂಖ್ಯರು. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಮುಂದೆ ಆಣೆಯಿಟ್ಟು ಹೇಳು ಎಂದೊಡನೆ ಬಾಕಿ ಹಣವನ್ನು ಎಣಿಸಿಕೊಟ್ಟವರ ಕಥೆಗಳನ್ನು ಕೇಳದ ಕನ್ನಡಿಗರು ವಿರಳ. ಹಿಂದಿನ ಕಾನೂನು ಕೂಡ ಈ ಭೀತಿಗೆ ಬೆಲೆ ಕೊಟ್ಟಿತ್ತು. 1873ರ ಅಧಿನಿಯಮದ ಪ್ರಕಾರ, ಎದುರು ಪಕ್ಷದವನು ಇಂತಹ ವಿಶೇಷ ಆಣೆಯಿಟ್ಟು ಹೇಳಿದರೆ ತಾನು ಅದಕ್ಕೆ ಬದ್ಧನೆಂದು ವ್ಯಾಜ್ಯಗಾರನೊಬ್ಬನು ಒಪ್ಪಬಹುದಾಗಿತ್ತು. ಹಾಗೆ ನುಡಿದ ಸಾಕ್ಷ್ಯವೇ ಆ ವಿಷಯದಲ್ಲಿ ಅವನಿಗೆ ಅಂತಿಮ. ಆಣೆಯಿಡಲು ಅಳುಕದ ಸುಳ್ಳುಗಾರನಿಗೆ ಇದಕ್ಕಿಂತ ಸುಗಮವಾದ ದಾರಿ ಇನ್ನಾವುದು? 1969ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟದ್ದು ಲೇಸೇ ಆಯಿತು.

ಇನ್ನು ನಾಸ್ತಿಕನ ಸ್ಥಿತಿಯನ್ನು ಯೋಚಿಸಿರಿ. ತಾನು ನಂಬದ ಹೆಸರಿನಲ್ಲಿ ಪ್ರಮಾಣ ಮಾಡೆಂದು ಅವನನ್ನು ನಿರ್ಬಂಧಿಸಿದರೆ, ಸತ್ಯ ನುಡಿಯಲು ಬಂದವನಿಂದ ಮೊದಲ ಮಾತಿನಲ್ಲೇ ಸುಳ್ಳಾಡಿಸಿದಂತಾಗುತ್ತದೆ. ಸುಳ್ಳನಾದವನು ಯಾವ ಹೆಸರನ್ನು ಹೇಳುವುದಕ್ಕೂ ಹಿಂಜರಿಯನು. ಹಿಂಜರಿಯುವವನು ತನ್ನ ಮಾತಿಗೆ ಬೆಲೆ ಕೊಡುವ ಪ್ರಾಮಾಣಿಕನೇ. ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ ಇದಕ್ಕೆ ನಿದರ್ಶನ. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ಈ ನಾಸ್ತಿಕನು ಧಾರ್ಮಿಕ ಪ್ರಮಾಣದ ಬದಲು ಪ್ರತಿಜ್ಞೆ ಮಾಡುವೆನೆಂದನು. ಅದರಿಂದೆದ್ದ ವಿವಾದ ಆರು ವರ್ಷ ನಡೆಯಿತು. ಮತದಾರರು ಮರಳಿ ಮರಳಿ ಅವನನ್ನೇ ಆರಿಸಿದರೂ ಅವನು ನಿರಾತಂಕವಾಗಿ ಆಸನದಲ್ಲಿ ಕುಳಿತದ್ದು 1886ರಲ್ಲಿ. ಪ್ರತಿಜ್ಞೆಯ ಹಕ್ಕನ್ನು ಎಲ್ಲರಿಗೂ ವಿಸ್ತರಿಸಿದ 1888ರ ಕಾನೂನು ಅವನ ಪ್ರಯತ್ನದ ಫಲ. ಮರುವರ್ಷ ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವನು ಬಂದಿದ್ದನೆಂಬುದೂ ನೆನಪಿನಲ್ಲಿಡತಕ್ಕ ಸಂಗತಿ.

ನಮ್ಮ ಸಂವಿಧಾನ ಸಭೆಯಲ್ಲಿ ಇಷ್ಟು ಕಹಿಯಾಗಲಿಲ್ಲ. 1948ರ ಡಿಸೆಂಬರಿನಲ್ಲಿ ರಾಷ್ಟ್ರಪತಿಯ ಪ್ರಮಾಣವಚನದ ಚರ್ಚೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಹೆಚ್. ವಿ. ಕಾಮತರೂ ಮಹಾವೀರ ತ್ಯಾಗಿಯವರೂ ಅದರಲ್ಲಿ ದೇವರ ಹೆಸರಿರಬೇಕೆಂದು ವಾದಿಸಿದರು. ದೇವರ ಹೆಸರು ಸೇರಿತು. ಅದರ ಮಗ್ಗುಲಲ್ಲಿಯೇ ಪ್ರತಿಜ್ಞೆಯೂ ಉಳಿಯಿತು. ಅಂದಮೇಲೆ ರಾಷ್ಟ್ರಪತಿಗೆ ಇರುವ ಆಯ್ಕೆ ನಾಂಪಲ್ಲಿಯ ಕಟಕಟೆಯಲ್ಲಿ ನಿಂತ ಕೂಲಿಯವನಿಗೂ ಇದೆ.

ಆಯ್ಕೆ ಇದೆಯೆಂಬುದು ಅವನಿಗೆ ತಿಳಿದಿದೆಯೆ? ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಗುಮಾಸ್ತನು ರೂಢಿಯಂತೆ ದೇವರ ಹೆಸರಿನ ವಾಕ್ಯವನ್ನೇ ಹೇಳಿಕೊಟ್ಟರೆ, ಮೊದಲೇ ಅಂಜಿ ನಿಂತವನು ಅದನ್ನೇ ಗಿಳಿಯಂತೆ ಒಪ್ಪಿಸಿಯಾನು. ಬೇಡವೆನ್ನಲು ಬಾಯಿ ತೆರೆದರೆ ನ್ಯಾಯಾಧೀಶರಿಗೆ ಕೋಪ ಬಂದೀತು, ತನ್ನ ಸಾಕ್ಷ್ಯದ ತೂಕ ಇಳಿದೀತು ಎಂಬ ಶಂಕೆ ಅವನಿಗೆ. ಕಾನೂನಿನ ಕಣ್ಣಿಗೆ ಎರಡೂ ಸಮವೆಂಬುದನ್ನು ಅವನಿಗೆ ಹೇಳುವವರಾರು? ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆಯೂ ಇಬ್ಬರಿಗೂ ಒಂದೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಏಳು ವರ್ಷದವರೆಗಿನ ಸೆರೆಮನೆ.

ದೇವರ ಹೆಸರನ್ನು ನ್ಯಾಯಾಲಯದಿಂದ ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಆಸ್ತಿಕನಿಗೆ ಅದು ಬಲವನ್ನು ಕೊಡುವುದಾದರೆ ಕೊಡಲಿ. ಆದರೆ ವಾಕ್ಯವನ್ನು ಹೇಳಿಕೊಡುವುದಕ್ಕೆ ಮುನ್ನ, ದೇವರ ಹೆಸರಿನಲ್ಲಿ ಪ್ರಮಾಣವೋ ಬರಿಯ ಪ್ರತಿಜ್ಞೆಯೋ ಎಂದು ಪ್ರತಿಯೊಬ್ಬ ಸಾಕ್ಷಿಯನ್ನೂ ಅವನ ಭಾಷೆಯಲ್ಲಿಯೇ ಕೇಳತಕ್ಕದ್ದು. ನಾಸ್ತಿಕನು ತಾನಾಗಿ ಕೈಯೆತ್ತಿ ಬೇಡುವಂತಾಗಬಾರದು. ಇದಕ್ಕೆ ಹೊಸ ಕಾನೂನು ಬೇಡ, ಅರೆನಿಮಿಷಕ್ಕಿಂತ ಹೆಚ್ಚು ವೇಳೆಯೂ ಬೇಡ.

ಕಿರಿಯ ಓದುಗರಿಗೆ ಇನ್ನೊಂದು ಮಾತು. ಹನ್ನೆರಡು ವರ್ಷ ತುಂಬದ ಮಗು ಸಾಕ್ಷಿಯಾಗಿ ಬಂದಾಗ, ಸತ್ಯ ಹೇಳಬೇಕೆಂಬುದು ಅದಕ್ಕೆ ತಿಳಿದಿದ್ದು ಪ್ರಮಾಣದ ಅರ್ಥ ಮಾತ್ರ ತಿಳಿಯದೆಂದು ನ್ಯಾಯಾಧೀಶರಿಗೆ ಕಂಡುಬಂದರೆ, ಪ್ರಮಾಣವೂ ಇಲ್ಲದೆ ಪ್ರತಿಜ್ಞೆಯೂ ಇಲ್ಲದೆ ಅದರ ಮಾತನ್ನು ಕೇಳಲು 1969ರ ಅದೇ ಅಧಿನಿಯಮ ಅವಕಾಶವಿತ್ತಿದೆ.