ಗಾಬರಿ ಬೇಡ, ತಡವೂ ಬೇಡ

ಕುಂದಾಪುರದ ಸಹೋದರಿಯೇ, ಮಗು ಇನ್ನೂ ಎದೆಹಾಲು ಕುಡಿಯುತ್ತಿರುವಾಗ ನಿರೋಧ್ ಹರಿದರೆ ಗಾಬರಿ ಸಹಜ. ಆದರೆ ನಾಚಿಕೆಯಿಂದ ದಿನ ಕಳೆಯಬೇಡಿ.

ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಫಲ ಹೆಚ್ಚು. ಅದು ಅಂಡಾಣು ಬಿಡುಗಡೆಯನ್ನು ಮುಂದೂಡುತ್ತದೆಯೇ ಹೊರತು ನಿಂತ ಗರ್ಭವನ್ನು ಕೆಡವುವುದಿಲ್ಲ. ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ಬೇಕು. ವಾಕರಿಕೆ, ತಲೆನೋವು, ಮುಟ್ಟಿನ ಏರುಪೇರು ತಾತ್ಕಾಲಿಕ.

ಮಾತ್ರೆಗಿಂತ ಪರಿಣಾಮಕಾರಿ ಕಾಪರ್-ಟಿ. ಐದು ದಿನದೊಳಗೆ ಹಾಕಿಸಿದರೆ ನೂರರಲ್ಲಿ 99ಕ್ಕೂ ಹೆಚ್ಚು ಮಂದಿಗೆ ಗರ್ಭ ನಿಲ್ಲುವುದಿಲ್ಲ. ಮುಂದೆಯೂ ವರ್ಷಗಟ್ಟಲೆ ರಕ್ಷಣೆ. ಗರ್ಭಕೋಶದ ಸೋಂಕು ಇದ್ದವರಿಗೆ ಸಲ್ಲದು. ನಿಮ್ಮೂರಿನ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಈ ಮಾತ್ರೆ ತಿಂಗಳ ಅಭ್ಯಾಸವಾಗದಿರಲಿ. ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಸಿ. ಮುಂದಿನ ದಾರಿಯನ್ನು ಪತಿಯೊಂದಿಗೆ ಕುಳಿತು ನಿರ್ಧರಿಸಿ. ಚಿಂತೆ ನಿಮ್ಮೊಬ್ಬರದೇ ಅಲ್ಲ.